ಬೊಗಳುವ ನಾಯಿಯ ಕುಲಗೋತ್ರ

ನಾಯಿಯನ್ನು ಕುರಿತು ನಮ್ಮ ಹಿರಿಯರು ಗಾದೆಗಳನ್ನು ಕಟ್ಟಿದ್ದಾರೆಯೇ ಹೊರತು ಗೌರವದ ಮಾತುಗಳನ್ನು ಹೆಚ್ಚಾಗಿ ಆಡಿಲ್ಲ. ‘ನಾಯಿ ಬೊಗಳಿದರೆ ದೇವಲೋಕ ಹಾಳಾಗುವುದೇ?’ ಎಂಬುದು ಒಂದು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬುದು ಮತ್ತೊಂದು. ಮೊದಲನೆಯ ಗಾದೆಯನ್ನು ಕಟ್ಟಿದವರು ಹೊಲಗದ್ದೆಗಳ ನಡುವೆ, ಮನೆಯಿಂದ ಮನೆಗೆ ಕೂಗಳತೆಯ ಅಂತರವಿದ್ದ ಊರುಗಳಲ್ಲಿ ಬಾಳಿದವರು. ಅವರನ್ನು ಕರೆತಂದು ದಾದರಿನ ಚಾಳಿನ ಒಂದು ಖೋಲಿಯಲ್ಲಿಯೋ ಮಲಾಡಿನ ಇಪ್ಪತ್ತು ಅಂತಸ್ತಿನ ಕಟ್ಟಡದಲ್ಲಿಯೋ ಒಂದು ರಾತ್ರಿ ಮಲಗಿಸಿದ್ದರೆ ಗಾದೆಯನ್ನು ಅವರೇ ತಿದ್ದುತ್ತಿದ್ದರೋ ಏನೋ! ಗೋಡೆಗೆ ಗೋಡೆ ಅಂಟಿಕೊಂಡಿರುವ ನಮ್ಮ ಮುಂಬಯಿಯಲ್ಲಿ ಒಂದು ನಾಯಿಯ ಸ್ವರವು ಹತ್ತು ಸಂಸಾರಗಳ ನಿದ್ರೆಯನ್ನು ಕೆಡಿಸಬಲ್ಲದು. ಪರೀಕ್ಷೆಗೆ ಓದುತ್ತ ಕುಳಿತ ಬಾಲಕನ ಏಕಾಗ್ರತೆಯನ್ನೂ ಕದಡಬಲ್ಲದು. ಇಲ್ಲಿ ನಾಯಿಯ ಬೊಗಳುವಿಕೆ ನೆರೆಹೊರೆಯ ಜಗಳಕ್ಕೆ ಕಾರಣವಾಗುತ್ತದೆ. ಅನೇಕ ವೇಳೆ ಆ ಜಗಳದ ಕೊನೆಯಲ್ಲಿ ಶಿಕ್ಷೆಯನ್ನು ಅನುಭವಿಸುವುದು ಮಾತು ಬಾರದ ಪ್ರಾಣಿಯೇ.

ಆದರೆ ಎಲ್ಲ ನಾಯಿಗಳೂ ಒಂದೇ ಸಮನೆ ಬೊಗಳುವುದಿಲ್ಲ. ಕೆಲವು ಜಾತಿಯವು ಬಾಗಿಲ ಗಂಟೆ ಬಾರಿಸಿದರೂ, ಲಿಫ್ಟಿನ ಸದ್ದಾದರೂ, ಕಿಟಕಿಯ ಹೊರಗೆ ಪಾರಿವಾಳ ಕುಳಿತರೂ ಸುಮ್ಮನಿರಲಾರವು. ಮತ್ತೆ ಕೆಲವು ಇಡೀ ದಿನದಲ್ಲಿ ನಾಲ್ಕು ಸಲ ಬಾಯಿ ತೆರೆದರೆ ಹೆಚ್ಚು. ಈ ವ್ಯತ್ಯಾಸವೇಕೆ? ಇದನ್ನು ನಾಯಿಯ ದುರ್ಗುಣವೆಂದು ತಿಳಿಯುವವರೇ ಬಹಳ. ವಾಸ್ತವವಾಗಿ ಇದರ ಮೂಲವನ್ನು ನಾವು ಮನುಷ್ಯನ ಹಳೆಯ ಅಗತ್ಯಗಳಲ್ಲಿ ಹುಡುಕಬೇಕು.

ನಾಯಿಯ ಪೂರ್ವಜನು ತೋಳ. ಬೆಳೆದ ತೋಳವು ಊಳಿಡುವುದುಂಟು, ಗುರುಗುಟ್ಟುವುದುಂಟು. ಬೊಗಳುವುದು ಮಾತ್ರ ಅಪರೂಪ. ತನ್ನ ಮರಿಗಳಿರುವ ಗುಹೆಯ ಬಳಿ ಅಪಾಯ ಕಂಡಾಗ ಒಂದೆರಡು ಸಲ ಬೊಗಳಿ ಎಚ್ಚರಿಸಿ ಸುಮ್ಮನಾಗುತ್ತದೆ. ಬೇಟೆಯಾಡಿ ಬದುಕುವ ಪ್ರಾಣಿಗೆ ಗದ್ದಲವು ಹಿತವಲ್ಲವಷ್ಟೆ. ಹೀಗಿರಲು, ಅದರ ವಂಶದಲ್ಲಿ ಹುಟ್ಟಿದ ನಾಯಿಯು ಮಾತ್ರ ಇಷ್ಟು ವಾಚಾಳಿಯಾದದ್ದು ಮನುಷ್ಯನ ಸಹವಾಸದಿಂದ. ಇದಕ್ಕೆ ಪುಷ್ಟಿ ಕೊಡುವ ಒಂದು ಪ್ರಯೋಗವು ರಷ್ಯಾ ದೇಶದ ಸೈಬೀರಿಯಾ ಪ್ರಾಂತದಲ್ಲಿ ನಡೆದಿದೆ. 1959ರಲ್ಲಿ ಬೆಲ್ಯಾಯೆವ್ ಎಂಬ ವಿಜ್ಞಾನಿಯು ನೊವೊಸಿಬಿರ್ಸ್ಕ್ ನಗರದ ಬಳಿ ನರಿಗಳನ್ನು ಸಾಕಿ, ಪ್ರತಿ ತಲೆಮಾರಿನಲ್ಲಿಯೂ ಮನುಷ್ಯನಿಗೆ ಹೆದರದ ಸೌಮ್ಯವಾದ ನರಿಗಳನ್ನಷ್ಟೇ ಆರಿಸಿ ಸಂತಾನ ಬೆಳೆಸುತ್ತ ಹೋದನು. ಕೆಲವೇ ತಲೆಮಾರುಗಳಲ್ಲಿ ಆ ನರಿಗಳು ಬಾಲವಾಡಿಸತೊಡಗಿದವು, ಮನುಷ್ಯನನ್ನು ಕಂಡು ಕುಂಯ್‌ಗುಟ್ಟತೊಡಗಿದವು, ನಾಯಿಯಂತೆ ಸದ್ದು ಮಾಡತೊಡಗಿದವು. ಆರಿಸಿದ್ದು ಸೌಮ್ಯತೆಯನ್ನು, ಜೊತೆಯಲ್ಲಿ ಬಂದದ್ದು ಸ್ವರ!

ಮನುಷ್ಯನು ನಾಯಿಯ ವಿಷಯದಲ್ಲಿ ಇಷ್ಟಕ್ಕೇ ನಿಲ್ಲಲಿಲ್ಲ. ತನಗೆ ಯಾವ ಕೆಲಸಕ್ಕೆ ಎಂತಹ ಸ್ವರ ಬೇಕೋ ಅಂತಹ ಸ್ವರವುಳ್ಳ ನಾಯಿಗಳನ್ನೇ ಆರಿಸಿ ತಳಿ ಮಾಡಿದನು.

ಮುಂಬಯಿಯ ಮನೆಗಳಲ್ಲಿ ಉದ್ದನೆಯ ಒಡಲು, ಗಿಡ್ಡ ಕಾಲು, ಜೋಲುಕಿವಿಗಳ ಡ್ಯಾಕ್ಸ್‌ಹುಂಡ್ ನಾಯಿಯನ್ನು ನೀವು ಕಂಡಿರಬಹುದು. ಗಾತ್ರದಲ್ಲಿ ಚಿಕ್ಕದು, ಸ್ವರವೋ ಅಲ್ಸೇಷಿಯನ್ನಿಗೂ ಸರಿಗಟ್ಟುವಂಥದು. ಹೊಸಬರು ಅದರ ಸ್ವರವನ್ನು ಬಾಗಿಲ ಹಿಂದಿನಿಂದ ಕೇಳಿ ಒಳಗೆ ಭಯಂಕರ ಪ್ರಾಣಿಯಿದೆಯೆಂದು ಭಾವಿಸುತ್ತಾರೆ. ಜರ್ಮನ್ ಭಾಷೆಯಲ್ಲಿ ‘ಡ್ಯಾಕ್ಸ್’ ಎಂದರೆ ಬ್ಯಾಜರ್ ಎಂಬ ಬಿಲವಾಸಿ ಪ್ರಾಣಿ, ‘ಹುಂಡ್’ ಎಂದರೆ ನಾಯಿ. ಬ್ಯಾಜರನ್ನು ಹಿಡಿಯುವುದಕ್ಕಾಗಿ ಬಿಲದೊಳಗೆ ನುಗ್ಗುವ ನಾಯಿಯಿದು. ನೆಲದಡಿಯ ಕತ್ತಲೆಯಲ್ಲಿ ನಾಯಿ ಎಲ್ಲಿದೆ, ಬೇಟೆಯನ್ನು ಎಲ್ಲಿ ತಡೆದು ನಿಲ್ಲಿಸಿದೆ ಎಂಬುದು ಮೇಲೆ ನಿಂತ ಬೇಟೆಗಾರನಿಗೆ ತಿಳಿಯುವುದು ಹೇಗೆ? ಮಣ್ಣನ್ನು ಭೇದಿಸಿ ಬರುವ ಸ್ವರದಿಂದಲೇ. ಆ ಸ್ವರವನ್ನು ಕೇಳಿಕೊಂಡು ಅವನು ನೆಲವನ್ನು ಅಗೆಯುತ್ತಿದ್ದನು. ಬೊಗಳದ ಡ್ಯಾಕ್ಸ್‌ಹುಂಡ್ ಅವನಿಗೆ ನಿರುಪಯೋಗಿ. ಟೆರಿಯರ್ ಎಂಬ ಹೆಸರಿನ ಅನೇಕ ಜಾತಿಗಳ ಕಥೆಯೂ ಇದೇ. ಲ್ಯಾಟಿನ್ ಭಾಷೆಯ ‘ಟೆರ್ರಾ’ ಎಂದರೆ ನೆಲ. ನರಿ, ಇಲಿ ಮೊದಲಾದವುಗಳ ಬೆನ್ನಟ್ಟಿ ನೆಲದೊಳಗೆ ನುಗ್ಗುವ ಈ ನಾಯಿಗಳು ತಮ್ಮ ಹೆಸರನ್ನು ಅದರಿಂದಲೇ ಪಡೆದಿವೆ.

ಇಂಗ್ಲೆಂಡಿನ ಬೀಗಲ್ ನಾಯಿಯದು ಬೇರೆ ಬಗೆ. ಇವು ಗುಂಪು ಗುಂಪಾಗಿ ಮೊಲದ ವಾಸನೆಯನ್ನು ಹಿಡಿದು ಓಡುತ್ತವೆ. ಬೇಟೆಗಾರರು ನಡೆದುಕೊಂಡು ಹಿಂಬಾಲಿಸುತ್ತಾರೆ. ಪೊದೆಗಳಲ್ಲಿ ಮರೆಯಾದ ನಾಯಿಗಳ ಜಾಡು ಸ್ವರದಿಂದಲೇ ತಿಳಿಯಬೇಕು. ಆದಕಾರಣ ಬೀಗಲ್ ಬೊಗಳುವುದಷ್ಟೇ ಅಲ್ಲ, ರಾಗ ಎಳೆದು ಊಳಿಡುತ್ತದೆ. ಕುರಿ ಕಾಯುವ ಶೆಟ್ಲೆಂಡ್ ನಾಯಿಯು ಕಚ್ಚದೆ, ಬರಿಯ ಸ್ವರದಿಂದ ಹಿಂಡನ್ನು ಅಟ್ಟುವುದಕ್ಕೆಂದು ಬೆಳೆದುದು.

ಇವೆಲ್ಲವನ್ನೂ ಮೀರಿಸಿದ್ದು ಫಿನ್ಲೆಂಡಿನ ಸ್ಪಿಟ್ಜ್ ನಾಯಿ. ನರಿಯಂತೆ ಕೆಂಪು ಬಣ್ಣದ, ಸುರುಳಿ ಬಾಲದ ಈ ನಾಯಿಯು ಕಾಡಿನಲ್ಲಿ ಮರದ ಮೇಲೆ ಕುಳಿತ ದೊಡ್ಡ ಕಾಡುಕೋಳಿಯನ್ನು ಪತ್ತೆ ಹಚ್ಚಿ, ಬುಡದಲ್ಲಿ ನಿಂತು ಎಡೆಬಿಡದೆ ಬೊಗಳುತ್ತದೆ. ಹಕ್ಕಿಯ ಗಮನವೆಲ್ಲ ನಾಯಿಯ ಮೇಲಿರುವಾಗ ಬೇಟೆಗಾರನು ಸದ್ದಿಲ್ಲದೆ ಸಮೀಪಿಸುತ್ತಾನೆ. ಆ ದೇಶದಲ್ಲಿ ಈ ನಾಯಿಗಳಿಗಾಗಿ ಬೊಗಳುವ ಸ್ಪರ್ಧೆಗಳೇ ನಡೆಯುತ್ತವೆ! 1979ರಲ್ಲಿ ಇದನ್ನು ರಾಷ್ಟ್ರೀಯ ಶ್ವಾನವೆಂದೂ ಸಾರಿದರು. ಒಂದು ದೇಶದಲ್ಲಿ ಬಹುಮಾನ ತರುವ ಗುಣವು ಇನ್ನೊಂದು ದೇಶದ ಹೌಸಿಂಗ್ ಸೊಸೈಟಿಯಲ್ಲಿ ನೋಟೀಸನ್ನು ತರುತ್ತದೆ.

ಸ್ಪಿಟ್ಜ್ ಕುಲದ ಇನ್ನೊಂದು ಕುಡಿಯು ನಮಗೆ ಅತಿ ಪರಿಚಿತವಾದ ಬಿಳಿಯ ತುಪ್ಪುಳಿನ ಪುಟ್ಟ ನಾಯಿ. ಇದನ್ನು ಎಲ್ಲರೂ ‘ಪಾಮೇರಿಯನ್’ ಎಂದೇ ಕರೆಯುವರು. ಬಹುಪಾಲು ಇವು ಭಾರತೀಯ ಸ್ಪಿಟ್ಜ್ ಎಂಬ ತಳಿಯವು. ನಿಜವಾದ ಪಾಮೇರಿಯನ್ನಿಗೆ ಆ ಹೆಸರು ಬಂದದ್ದು ಬಾಲ್ಟಿಕ್ ಸಮುದ್ರದ ದಕ್ಷಿಣ ತೀರದ ಪಾಮೇರೇನಿಯ ಪ್ರಾಂತದಿಂದ. ಹಿಂದೆ ಅದು ಇಷ್ಟು ಚಿಕ್ಕದಾಗಿರಲಿಲ್ಲ. ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯು 1888ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಿಂದ ಮಾರ್ಕೊ ಎಂಬ ಒಂದು ಸಣ್ಣ ಪಾಮೇರಿಯನ್ನನ್ನು ತಂದ ಮೇಲೆ ಗಿಡ್ಡ ನಾಯಿಗಳಿಗೆ ಮೋಹ ಹೆಚ್ಚಿ, ತಳಿಯೇ ಕುಗ್ಗುತ್ತ ಬಂದಿತು. ಒಡಲು ಕುಗ್ಗಿತೇ ಹೊರತು ಅಪರಿಚಿತರನ್ನು ಕಂಡೊಡನೆ ಯಜಮಾನನನ್ನು ಎಬ್ಬಿಸಬೇಕೆಂಬ ಕಾವಲುಗಾರನ ಬುದ್ಧಿಯು ಕುಗ್ಗಲಿಲ್ಲ. ಹಾಲಿನವನು, ಪತ್ರಿಕೆಯವನು, ಕೊರಿಯರಿನವನು, ಇಸ್ತ್ರಿಯವನು ಎಂದು ದಿನಕ್ಕೆ ಹತ್ತು ಜನ ಬಾಗಿಲಿಗೆ ಬರುವ ಫ್ಲಾಟಿನಲ್ಲಿ ಅದರ ಕರ್ತವ್ಯಕ್ಕೆ ಬಿಡುವೆಲ್ಲಿ?

ಇನ್ನು ಮೌನಿಗಳ ವಿಚಾರ. ಆಫ್ರಿಕದ ಕಾಂಗೋ ಪ್ರದೇಶದ ಬಾಸೆಂಜಿ ನಾಯಿಯು ಸಾಮಾನ್ಯ ನಾಯಿಗಳಂತೆ ಬೊಗಳುವುದೇ ಇಲ್ಲ. ಹಾಡಿನಂತಹ ಒಂದು ವಿಚಿತ್ರ ಧ್ವನಿಯನ್ನು ಹೊರಡಿಸುತ್ತದೆ. ಅಷ್ಟು ದೂರವೇಕೆ? ನಮ್ಮ ಬಾಗಲಕೋಟ ಜಿಲ್ಲೆಯ ಮುಧೋಳದ ಬೇಟೆನಾಯಿಯೂ ಮಿತಭಾಷಿ. ನೀಳ ಕಾಲು, ಬಳುಕುವ ನಡು, ಉದ್ದ ಮೋರೆಯ ಈ ನಾಯಿಯು ವಾಸನೆಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಜಾತಿಯದು. ಬಯಲಿನಲ್ಲಿ ಮೊಲವನ್ನು ಕಂಡು ಬಾಣದಂತೆ ಹಾರುವ ನಾಯಿಗೆ ಬೊಗಳುವುದರಿಂದ ನಷ್ಟವೇ. ಬೇಟೆಗಾರನಿಗೂ ಎಲ್ಲವೂ ಕಣ್ಣೆದುರಿಗೇ ಕಾಣುವುದರಿಂದ ಸ್ವರದ ಸಂಕೇತ ಬೇಕಿಲ್ಲ. ಮುಧೋಳ ಸಂಸ್ಥಾನದ ರಾಜರಾದ ಮಾಲೋಜಿರಾವ್ ಘೋರ್ಪಡೆಯವರು ಈ ತಳಿಯನ್ನು ಆಸ್ಥೆಯಿಂದ ಬೆಳೆಸಿ, ಐದನೆಯ ಜಾರ್ಜ್ ದೊರೆಗೂ ಮರಿಗಳನ್ನು ಕಾಣಿಕೆ ಕೊಟ್ಟರು. 2005ರಲ್ಲಿ ಭಾರತದ ಅಂಚೆ ಇಲಾಖೆಯು ಈ ನಾಯಿಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ನಾಯಿಯನ್ನು ಗೌರವಿಸಿದ ಕನ್ನಡಿಗರೇ ಇಲ್ಲವೆಂದು ಮೇಲಿನ ಗಾದೆಗಳಿಂದ ತಿಳಿಯಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಶಕವರ್ಷ 872ರ, ಎಂದರೆ ಕ್ರಿಸ್ತಶಕ 949–50ರ ಶಿಲಾಶಾಸನವೊಂದು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಗಂಗರ ಬೂತುಗನ ಸೇವೆಯಲ್ಲಿದ್ದ ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಕಾಳಿ ಎಂಬ ನಾಯಿಯನ್ನೇ ಬೇಡಿ ಪಡೆದನು. ಆ ನಾಯಿಯು ಒಂದು ದೊಡ್ಡ ಕಾಡುಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ, ಹಂದಿ ನಾಯಿಗಳ ಕಾಳಗವನ್ನು ಅದರ ಮೇಲೆ ಕಡೆಯಿಸಿದರು. ಕಾಳಿಯು ಬೊಗಳಿತೇ ಇಲ್ಲವೇ ಎಂಬುದನ್ನು ಮಾತ್ರ ಶಾಸನವು ಹೇಳದು.

ಮೌನವನ್ನು ತಳಿಯಿಂದ ಪಡೆಯಬಹುದಾದಂತೆ ಶಿಕ್ಷಣದಿಂದಲೂ ಪಡೆಯಬಹುದು. 2008ನೆಯ ಇಸವಿಯ ನವೆಂಬರ್ 26ರ ರಾತ್ರಿ ಮುಂಬಯಿಯ ಮೇಲೆ ನಡೆದ ಭಯೋತ್ಪಾದಕರ ದಾಳಿಯ ಕಾಲದಲ್ಲಿ ಮುಂಬಯಿ ಪೊಲೀಸರ ಮ್ಯಾಕ್ಸ್, ಸೀಜರ್, ಸುಲ್ತಾನ್, ಟೈಗರ್ ಎಂಬ ನಾಲ್ಕು ಲ್ಯಾಬ್ರಡಾರ್ ನಾಯಿಗಳು ಸ್ಫೋಟಕಗಳನ್ನು ಹುಡುಕುವ ಕೆಲಸದಲ್ಲಿ ತೊಡಗಿದ್ದವು. ಇಂತಹ ನಾಯಿಗಳಿಗೆ ಬಾಂಬಿನ ವಾಸನೆ ಸಿಕ್ಕೊಡನೆ ಬೊಗಳದೆ, ಉಗುರಿನಿಂದ ಕೆರೆಯದೆ, ತೆಪ್ಪಗೆ ಕುಳಿತುಬಿಡುವಂತೆ ಕಲಿಸಿರುತ್ತಾರೆ. ಅಲ್ಲಿ ಒಂದು ಅನಾವಶ್ಯಕ ಚಲನೆಯೂ ಅನರ್ಥಕ್ಕೆ ಕಾರಣವಾದೀತು. ಆ ನಾಲ್ಕರಲ್ಲಿ ಕೊನೆಯದಾಗಿ ಉಳಿದಿದ್ದ ಸೀಜರ್ 2016ರಲ್ಲಿ ವಿರಾರಿನ ತೋಟವೊಂದರಲ್ಲಿ ಕಣ್ಣು ಮುಚ್ಚಿತು.

ಇಷ್ಟನ್ನು ತಿಳಿದ ಮೇಲೆ ನಮ್ಮ ನಗರದ ಒಂದು ವಿಪರ್ಯಾಸವನ್ನು ನೋಡಿರಿ. ಇಲ್ಲಿ ಅನೇಕರು ನಾಯಿಯ ಜಾತಿಯನ್ನು ಆರಿಸುವುದು ಅದರ ಕಸುಬನ್ನು ನೋಡಿ ಅಲ್ಲ, ಸಿನಿಮಾವನ್ನು ನೋಡಿ. 1994ರಲ್ಲಿ ತೆರೆಕಂಡ ‘ಹಮ್ ಆಪ್ಕೆ ಹೈ ಕೌನ್’ ಎಂಬ ಹಿಂದೀ ಚಿತ್ರದಲ್ಲಿ ಟಫಿ ಎಂಬ ಬಿಳಿಯ ಸ್ಪಿಟ್ಜ್ ನಾಯಿಯು ಎಲ್ಲರ ಮನಸ್ಸನ್ನು ಸೂರೆಗೊಂಡಿತು. 2003ರಲ್ಲಿ ಮೊಬೈಲ್ ಕಂಪನಿಯೊಂದರ ಜಾಹೀರಾತಿನಲ್ಲಿ ಬಾಲಕನ ಹಿಂದೆ ಹಿಂದೆ ನಡೆಯುವ ಪಗ್ ನಾಯಿಯನ್ನು ಕಂಡು ಮನೆಮನೆಗೂ ಪಗ್ ಬೇಕಾಯಿತು. ತೆರೆಯ ಮೇಲಿನ ನಾಯಿಯು ನಿರ್ದೇಶಕನು ಹೇಳಿದಾಗ ಮಾತ್ರ ಬೊಗಳುತ್ತದೆ. ಮನೆಗೆ ಬಂದ ನಾಯಿಗೆ ನಿರ್ದೇಶಕನಿಲ್ಲ. ತಂದೆ ತಾಯಿಗಳಿಬ್ಬರೂ ಬೆಳಿಗ್ಗೆ ಲೋಕಲ್ ಗಾಡಿ ಹತ್ತಿದರೆ ಮರಳುವುದು ರಾತ್ರಿಗೆ. ಮಕ್ಕಳು ಶಾಲೆಯಿಂದ ಟ್ಯೂಶನ್ನಿಗೆ. ಹಗಲಿಡೀ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿರುವ ನಾಯಿ ಬೊಗಳುವುದಲ್ಲದೆ ಇನ್ನೇನು ಮಾಡಬೇಕು? ನೆರೆಯವರು ದೂರುತ್ತಾರೆ, ಸೊಸೈಟಿಯ ಕಾರ್ಯದರ್ಶಿಯು ಪತ್ರ ಬರೆಯುತ್ತಾನೆ, ಕೊನೆಗೊಂದು ದಿನ ನಾಯಿಯು ಯಾವುದೋ ರಸ್ತೆಯ ತಿರುವಿನಲ್ಲಿ ಇಳಿಸಲ್ಪಡುತ್ತದೆ. ಹಾಸಿಗೆಯ ಮೇಲೆ ಬೆಳೆದ ಪಾಮೇರಿಯನ್ನಿಗೆ ಬೀದಿಯಲ್ಲಿ ಬದುಕುವ ವಿದ್ಯೆ ತಿಳಿಯದು. ಬೀದಿಯ ನಾಯಿಗಳು ಅದನ್ನು ತಮ್ಮ ಗಡಿಯೊಳಗೆ ಸೇರಿಸವು. ಸಾಕುಪ್ರಾಣಿಯನ್ನು ಹೀಗೆ ತೊರೆಯುವುದು 1960ರ ಪ್ರಾಣಿಹಿಂಸಾ ಪ್ರತಿಬಂಧಕ ಕಾಯಿದೆಯ ಪ್ರಕಾರ ಅಪರಾಧವೆಂಬುದು ತೊರೆಯುವವರಲ್ಲಿ ಎಷ್ಟು ಮಂದಿಗೆ ಗೊತ್ತು?

ಹಾಗಾದರೆ ನೆರೆಯವರು ಸಹಿಸಿಕೊಂಡೇ ಇರಬೇಕೇ? ಅದೂ ನ್ಯಾಯವಲ್ಲ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್ ಮಿತಿಯಿದೆ. ನಾಯಿಯ ಗಂಟಲು ಈ ನಿಯಮಗಳನ್ನು ಓದಿಲ್ಲ. ಆಸ್ಟ್ರೇಲಿಯದ ಚಾರ್ಲಿ ಎಂಬ ಗೋಲ್ಡನ್ ರಿಟ್ರೀವರ್ 2012ರಲ್ಲಿ 113.1 ಡೆಸಿಬೆಲ್ ಬೊಗಳಿ ಗಿನ್ನೆಸ್ ದಾಖಲೆಗೆ ಸೇರಿತು. ಇತ್ತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯು 2015ರಲ್ಲಿ ಹೊರಡಿಸಿದ ಸೂಚನೆಯಲ್ಲಿ, ನಾಯಿಯು ಸಾಧಾರಣವಾಗಿ ಬೊಗಳುವುದನ್ನೇ ಕಾರಣ ಮಾಡಿ ಸೊಸೈಟಿಗಳು ಸಾಕುನಾಯಿಯನ್ನು ನಿಷೇಧಿಸಲಾಗದೆಂದೂ, ನೆರೆಯವರಿಗೆ ಉಪದ್ರವವಾಗದಂತೆ ನೋಡಿಕೊಳ್ಳುವುದು ಸಾಕಿದವರ ಹೊಣೆಯೆಂದೂ ತಿಳಿಸಿದೆ. ಆ ಹೊಣೆಯನ್ನು ನಿರ್ವಹಿಸುವ ಬಗೆ ಕಷ್ಟದ್ದಲ್ಲ. ಬೆಳಿಗ್ಗೆ ಸಂಜೆ ನಾಯಿಯನ್ನು ಸಾಕಷ್ಟು ನಡೆಸಬೇಕು. ದಣಿದ ನಾಯಿಗೆ ನಿದ್ರೆ ಬರುತ್ತದೆ. ಬೀದಿಗೆ ತೆರೆಯುವ ಕಿಟಕಿಗೆ ಪರದೆ ಹಾಕಬೇಕು. ಒಂಟಿಯಾಗಿರುವಾಗ ಕಡಿಯುವುದಕ್ಕೆ, ಹುಡುಕುವುದಕ್ಕೆ ಏನಾದರೂ ಕೊಟ್ಟಿರಬೇಕು. ಅದು ಬೊಗಳಿದಾಗ ನಾವೂ ಕಿರಿಚಿದರೆ ಯಜಮಾನನು ತನ್ನೊಡನೆ ಸೇರಿ ಬೊಗಳುತ್ತಿರುವನೆಂದೇ ಅದು ತಿಳಿದೀತು! ಸುಮ್ಮನಾದ ಗಳಿಗೆಯಲ್ಲಿ ಒಂದು ತಿಂಡಿಯ ತುಣುಕನ್ನು ಕೊಡುವುದು ಹೆಚ್ಚು ಫಲಕಾರಿ. ಕೆಲವರು ಶಸ್ತ್ರಚಿಕಿತ್ಸೆಯಿಂದ ನಾಯಿಯ ಧ್ವನಿತಂತುಗಳನ್ನೇ ಕತ್ತರಿಸಿಬಿಡುವ ಕ್ರೂರೋಪಾಯವನ್ನು ಹುಡುಕುತ್ತಾರೆ. ಯುರೋಪಿನ ರಾಷ್ಟ್ರಗಳು 1987ರಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಇದನ್ನು ನಿಷೇಧಿಸಲಾಗಿದೆ.

ಸ್ವರವನ್ನು ಅಡಗಿಸುವ ಮೊದಲು ಅದನ್ನು ಅರ್ಥಮಾಡಿಕೊಳ್ಳುವುದು ಮೇಲು. ಹಂಗೆರಿ ದೇಶದ ಬುಡಾಪೆಸ್ಟ್ ನಗರದ ವಿಶ್ವವಿದ್ಯಾಲಯದಲ್ಲಿ ಪೊಂಗ್ರಾಟ್ಸ್ ಮೊದಲಾದ ವಿಜ್ಞಾನಿಗಳು ಮೂಡಿ ಎಂಬ ಅಲ್ಲಿನ ಕುರಿನಾಯಿಗಳ ಸ್ವರವನ್ನು ಬೇರೆ ಬೇರೆ ಸಂದರ್ಭಗಳಲ್ಲಿ ಧ್ವನಿಮುದ್ರಿಸಿ ಜನರಿಗೆ ಕೇಳಿಸಿದರು. ನಾಯಿಯನ್ನು ಸಾಕದವರು ಕೂಡ ಯಾವುದು ಕೋಪದ ಬೊಗಳು, ಯಾವುದು ಒಂಟಿತನದ್ದು ಎಂಬುದನ್ನು ಬಹುಮಟ್ಟಿಗೆ ಸರಿಯಾಗಿ ಗುರುತಿಸಿದರು. ಕೋಪದ ಸ್ವರವನ್ನು ಆರು ವರ್ಷದ ಮಕ್ಕಳೂ ಗುರುತಿಸಿದರು. ನೀವೂ ಕಿವಿಗೊಟ್ಟು ಕೇಳಿರಿ. ಅಪರಿಚಿತನನ್ನು ಕಂಡು ಬೊಗಳುವ ಸ್ವರವು ತಗ್ಗಿನದು, ಒರಟು, ಒಂದರ ಮೇಲೊಂದು ಬೀಳುವಂಥದು. ಒಂಟಿಯಾದ ನಾಯಿಯದು ಎತ್ತರದ ಸ್ವರ, ನಡುನಡುವೆ ಬಿಡುವುಂಟು.

ಇಲ್ಲಿ ಎರಡನೆಯ ಗಾದೆಯನ್ನು ನೆನೆಯಬೇಕು. ‘ಬೊಗಳುವ ನಾಯಿ ಕಚ್ಚುವುದಿಲ್ಲ’ ಎಂಬುದು ಜಂಬಗಾರರನ್ನು ಕುರಿತು ಆಡುವುದಕ್ಕೆ ಸೊಗಸಾದ ಮಾತು. ನಿಜವಾದ ನಾಯಿಯ ಎದುರಿಗೆ ಅದನ್ನು ನಂಬಕೂಡದು. ತಗ್ಗಿದ ಸ್ವರದಲ್ಲಿ ಗುರುಗುಟ್ಟುತ್ತ ಬೊಗಳುವ ನಾಯಿಯು ಕಚ್ಚಲೂಬಹುದು. ಅದರ ಮುಂದೆ ಓಡಬೇಡಿರಿ, ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಡಿರಿ. ನಿಂತು, ಮೆಲ್ಲಗೆ ಪಕ್ಕಕ್ಕೆ ಸರಿಯಿರಿ. ಇನ್ನೂ ಒಂದು ಮಾತು. ಹುಚ್ಚುನಾಯಿ ರೋಗವು ತಗುಲಿದಾಗ ಗಂಟಲಿನ ಸ್ನಾಯುಗಳು ಸೋಲುವುದರಿಂದ ನಾಯಿಯ ಸ್ವರವು ಬದಲಾಗಿ ಗೊಗ್ಗರಾಗುತ್ತದೆ. ಕೆಲವೊಮ್ಮೆ ಪೂರ್ತಿ ಉಡುಗಿಹೋಗುತ್ತದೆ. ಪರಿಚಿತ ನಾಯಿಯ ಸ್ವರವು ಇದ್ದಕ್ಕಿದ್ದಂತೆ ಕೆಟ್ಟು, ಬಾಯಿಂದ ಜೊಲ್ಲು ಸುರಿಯುತ್ತಿದ್ದರೆ ಹತ್ತಿರ ಹೋಗದೆ ಹಿರಿಯರಿಗೆ ತಿಳಿಸಿರಿ. ಯಾವುದೇ ನಾಯಿ ಕಚ್ಚಿದರೂ, ಪರಚಿದರೂ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ಮುಂಬಯಿಯ ಮಹಾನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಲಸಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಬಯ್ಯುವರೆಂಬ ಭಯದಿಂದ ಕಚ್ಚಿದ್ದನ್ನು ಮನೆಯಲ್ಲಿ ಮುಚ್ಚಿಡುವ ಮಕ್ಕಳಿದ್ದಾರೆ. ರೋಗದ ಲಕ್ಷಣ ತೋರಿದ ಮೇಲೆ ಯಾವ ವೈದ್ಯನಿಂದಲೂ ಬಹುಮಟ್ಟಿಗೆ ಉಳಿವಿಲ್ಲ.

ರಾತ್ರಿಯಲ್ಲಿ ನಮ್ಮನ್ನು ಎಬ್ಬಿಸುವ ಸ್ವರಗಳಲ್ಲಿ ಹೆಚ್ಚಿನವು ಯಾವ ಹೆಸರಾಂತ ತಳಿಯವೂ ಅಲ್ಲ; ಬೀದಿನಾಯಿಗಳವು. ಅವುಗಳಿಗೆ ಒಂದೊಂದು ಗಲ್ಲಿಯೂ ಒಂದೊಂದು ರಾಜ್ಯ. ಗಡಿಯಲ್ಲಿ ಒಂದು ಬೊಗಳಿದರೆ ಉಳಿದವು ದನಿಗೂಡಿಸುತ್ತವೆ. ಆರೆ ಕಾಲೋನಿಯ ಕಡೆ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ, ಅವುಗಳ ಕೂಗಿಗೆ ಚಿರತೆಯೂ ಕಾರಣವಾಗಿರಬಹುದು. ಅಲ್ಲಿನ ಚಿರತೆಗಳಿಗೆ ನಾಯಿಯು ಮುಖ್ಯ ಆಹಾರಗಳಲ್ಲೊಂದು.

ಬೀದಿನಾಯಿಗಳ ಉಪದ್ರವಕ್ಕೆ ಈ ನಗರವು ಮೊದಲು ಕಂಡುಕೊಂಡ ಪರಿಹಾರ ಕೊಲೆ. ಬ್ರಿಟಿಷ್ ಆಡಳಿತವು ತಲೆಗಿಷ್ಟು ಹಣವೆಂದು ಗೊತ್ತುಪಡಿಸಿ ನಾಯಿಗಳನ್ನು ಕೊಲ್ಲಿಸುತ್ತಿತ್ತು. 1832ನೆಯ ಇಸವಿಯ ಜೂನ್ 6ರಂದು, ಪಾರಸಿಗಳ ಪವಿತ್ರದಿನದಂದೇ, ಕೊಲ್ಲುವವರು ಕೋಟೆಯ ಭಾಗಕ್ಕೆ ಬಂದರು. ಪಾರಸಿಗಳ ಧರ್ಮದಲ್ಲಿ ಮನೆಯನ್ನು ಕಾಯುವ ನಾಯಿಗೆ ಉನ್ನತ ಸ್ಥಾನವಿದೆ. ಅವರ ಅಂತ್ಯಕ್ರಿಯೆಯಲ್ಲಿಯೂ ನಾಯಿಯ ದೃಷ್ಟಿಗೆ ಮಹತ್ವವುಂಟು. ಅವರು ಸಿಡಿದೆದ್ದರು. ಮರುದಿನ ಅಂಗಡಿಗಳು ಮುಚ್ಚಿದವು, ಸೈನಿಕರಿಗೆ ಹೋಗುವ ಆಹಾರವೂ ನಿಂತಿತು, ದಂಡನ್ನು ಕರೆಸಬೇಕಾಯಿತು. ಸೆರೆಸಿಕ್ಕವರ ಪರವಾಗಿ ಜಮ್ಷೇಟ್ಜಿ ಜೀಜೀಭಾಯರು ಮಧ್ಯಸ್ಥಿಕೆ ವಹಿಸಿದರು, ಭಾಯಖಳದ ಜೆ. ಜೆ. ಆಸ್ಪತ್ರೆಗೆ ಹೆಸರನ್ನಿತ್ತವರು ಇವರೇ.

ಆ ಬಳಿಕವೂ ಕೊಲೆಯು ಬೇರೆ ಬೇರೆ ರೂಪಗಳಲ್ಲಿ ನಡೆದೇ ಇತ್ತು. 2001ರಲ್ಲಿ ಕೇಂದ್ರ ಸರಕಾರವು ನಾಯಿಗಳ ಸಂತಾನ ನಿಯಂತ್ರಣದ ನಿಯಮಗಳನ್ನು ಹೊರಡಿಸಿತು; 2023ರಲ್ಲಿ ಅವುಗಳ ಸ್ಥಾನದಲ್ಲಿ ಹೊಸ ನಿಯಮಗಳು ಬಂದವು. ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗಕ್ಕೆ ಲಸಿಕೆ ಹಾಕುವುದು ಇವುಗಳ ಕ್ರಮ. ಹೆಣ್ಣಿಗಾಗಿ ನಡೆಯುವ ಕಾದಾಟವೂ ಅದರೊಡನೆ ಬರುವ ನಡುರಾತ್ರಿಯ ಗದ್ದಲವೂ ಇದರಿಂದ ಕಡಿಮೆಯಾಗುತ್ತವೆ. ಶಸ್ತ್ರಚಿಕಿತ್ಸೆಯಾದ ನಾಯಿಯ ಗುರುತಿಗೆ ಒಂದು ಕಿವಿಯ ಅಂಚಿನಿಂದ ಸಣ್ಣ ಚೂರನ್ನು ಕತ್ತರಿಸಿರುತ್ತಾರೆ. ನಾಳೆ ಶಾಲೆಗೆ ಬರುವಾಗ ನಿಮ್ಮ ಗಲ್ಲಿಯ ನಾಯಿಗಳ ಕಿವಿಗಳನ್ನು ದೂರದಿಂದಲೇ ನೋಡಿರಿ. ಯಾವುದರ ಕಿವಿ ಪೂರ್ಣವಾಗಿದೆಯೋ ಅದರ ವಿಷಯವನ್ನು ಮನೆಯ ಹಿರಿಯರ ಮೂಲಕ ವಾರ್ಡಿನ ಕಚೇರಿಗೆ ತಿಳಿಸಬಹುದು.